ಮೂರು ಮಿಲಿಮೀಟರ್ ಲೆಕ್ಕದಲ್ಲಿ ಮಾಸ್ಟ್ ಬಿಗಿ ಮಾಡಿದ್ದು

"ರೀ, ಆ ತಂತಿ ನೋಡಿ, ಬಟ್ಟೆ ಒಣಗಿಸೋ ಹಗ್ಗದ ಥರ ಜೋತಾಡ್ತಿದೆ" ಅಂದಳು ಹೆಂಡತಿ. ನಾವು ನಮ್ಮ ಹಾಯಿದೋಣಿಯಲ್ಲಿ ಬರ್ಕ್ಲಿಯಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿದ್ದೆವು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಗೋಲ್ಡನ್ ಗೇಟ್ ಕಡೆಯಿಂದ ಗಾಳಿ ನೇರವಾಗಿ ನುಗ್ಗುತ್ತದೆ, 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಮಾಮೂಲು. ದೋಣಿ ಎಡಕ್ಕೆ ವಾಲಿತ್ತು. ಮಾಸ್ಟನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ಎಡಗಡೆಯಿಂದ ಹಿಡಿಯಬೇಕಾದ ಉಕ್ಕಿನ ತಂತಿ, ಅಂದರೆ ಶ್ರೌಡ್, ಸಡಿಲವಾಗಿ ಹೊಯ್ದಾಡುತ್ತಿತ್ತು. ಅಲೆ ಬಡಿದಾಗಲೆಲ್ಲ ಮಾಸ್ಟ್‌ನ ತುದಿ ಅದುರುತ್ತಿತ್ತು. ಹಾಯಿ ಇಳಿಸಿ, ಮೋಟಾರ್ ಹಾಕಿಕೊಂಡು ವಾಪಸ್ ಬಂದೆವು.

ನನ್ನದು 22 ಅಡಿಯ ಕ್ಯಾಟಲಿನಾ. ಮಾಸ್ಟ್ ಡೆಕ್ ಮೇಲೇ ಕೂತಿದೆ, ದೋಣಿಯ ಒಳಗೆ ಇಳಿದಿಲ್ಲ. ತಂತಿಗಳೇ ಅದಕ್ಕೆ ಆಸರೆ. ಮುಂದೆ ಫೋರ್‌ಸ್ಟೇ, ಹಿಂದೆ ಬ್ಯಾಕ್‌ಸ್ಟೇ, ಪಕ್ಕಗಳಲ್ಲಿ ತುದಿಯಿಂದ ಇಳಿಯುವ ಅಪ್ಪರ್ ಶ್ರೌಡ್, ನಡುವಿನಿಂದ ಇಳಿಯುವ ಲೋವರ್‌ಗಳು. ಅಲ್ಲಿಯವರೆಗೆ ಕೈಯಲ್ಲಿ ಎಳೆದು ನೋಡಿ ಸಾಕು ಅಂದುಕೊಳ್ಳುತ್ತಿದ್ದೆ. ಜಾಸ್ತಿ ಬಿಗಿ ಮಾಡಿದರೆ ದೋಣಿಗೇ ಪೆಟ್ಟಾದೀತು ಅನ್ನೋ ಹೆದರಿಕೆ. ನಿಜಕ್ಕೂ ಹೆದರಬೇಕಾದದ್ದು ಸಡಿಲ ತಂತಿಗೆ. ಅಲೆ ಅಲೆಗೂ ಜಗ್ಗಿ ಜಗ್ಗಿ, ಕೊನೆಗೆ ಟರ್ಮಿನಲ್ (ತಂತಿಯ ತುದಿಗೆ ಕೂರಿಸಿದ ಲೋಹದ ತುಂಡು) ಬುಡದಲ್ಲಿ ಒಂದೊಂದೇ ಎಳೆ ಕಡಿಯುತ್ತದೆ.

ಮುಂದಿನ ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲೇ ಕೆಲಸ ಶುರು ಮಾಡಿದೆ. ಲೋವರ್‌ಗಳನ್ನು ಸಡಿಲ ಬಿಟ್ಟು, ಅಪ್ಪರ್‌ಗಳನ್ನು ಕೈಬಿಗಿ ಮಾಡಿದೆ. ಮಾಸ್ಟ್ ಸರಿಯಾಗಿ ಮಧ್ಯಕ್ಕಿದೆಯಾ ಅಂತ ನೋಡೋದು ಸುಲಭ. ಹಾಯಿ ಏರಿಸುವ ಹಗ್ಗದ ತುದಿಯನ್ನು ಎಡಗಡೆಯ ಶ್ರೌಡ್‌ನ ಬುಡಕ್ಕೆ ತಾಗಿಸಿ ಕಟ್ಟಿದೆ, ಆಮೇಲೆ ಅಷ್ಟೇ ಉದ್ದದಲ್ಲಿ ಬಲಗಡೆಗೆ ತಂದೆ. ಎರಡು ಬೆರಳು ಗಿಡ್ಡ ಬಂತು. ಮಾಸ್ಟ್ ಇಷ್ಟು ದಿನ ಎಡಕ್ಕೆ ವಾಲಿಕೊಂಡೇ ಓಡಾಡಿತ್ತು!

ಮಧ್ಯಕ್ಕೆ ತಂದ ಮೇಲೆ ಅಳತೆಯ ಕೆಲಸ. ಇದು ನನಗೆ ತುಂಬಾ ಇಷ್ಟವಾದ ಭಾಗ. 2 ಮೀಟರಿನ ಮಡಚುವ ಮರದ ಸ್ಕೇಲ್ ತಗೊಂಡು, ಅದರ ಮೇಲ್ತುದಿಯನ್ನು ಮಾತ್ರ ಅಪ್ಪರ್ ಶ್ರೌಡ್‌ಗೆ ಟೇಪ್‌ನಿಂದ ಗಟ್ಟಿಯಾಗಿ ಕಟ್ಟಿದೆ. ಕೆಳತುದಿ ಟರ್ಮಿನಲ್‌ಗಿಂತ 5 ಮಿ.ಮೀ. ಮೇಲೆ ನಿಲ್ಲುವ ಹಾಗೆ ನೋಡಿಕೊಂಡೆ. ಬಿಗಿ ಮಾಡುತ್ತಾ ಹೋದಂತೆ ತಂತಿ ಹಿಗ್ಗುತ್ತದೆ, ಈ ಸಂದು ದೊಡ್ಡದಾಗುತ್ತದೆ. 19 ಎಳೆಯ ಸ್ಟೀಲ್ ತಂತಿ 2 ಮೀಟರಿಗೆ 1 ಮಿ.ಮೀ. ಹಿಗ್ಗಿದರೆ, ಅದು ಕಡಿಯುವ ಭಾರದ ಶೇ. 5ರಷ್ಟು ಬಿಗಿ ಬಂದಿದೆ ಅಂತ ಲೆಕ್ಕ. ತಂತಿ ದಪ್ಪ ಇರಲಿ, ಸಣ್ಣ ಇರಲಿ, ಲೆಕ್ಕ ಬದಲಾಗಲ್ಲ. ನನಗೆ ಶೇ. 15 ಬೇಕಿತ್ತು, ಅಂದರೆ ಸಂದು 8 ಮಿ.ಮೀ. ಆಗಬೇಕು. ತಂತಿಯನ್ನು ಬಿಗಿ ಮಾಡುವ ಸ್ಕ್ರೂ, ಅಂದರೆ ಟರ್ನ್‌ಬಕಲ್‌ನ ಸುರುಳಿ ಗೆರೆಗಳಿಗೆ ಎಣ್ಣೆ ಹಾಕಿ (ಸ್ಟೇನ್‌ಲೆಸ್ ಒಣಗಿದ್ದರೆ ಕಚ್ಚಿಕೊಂಡುಬಿಡುತ್ತದೆ), ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು ಅಂತ ಎಣಿಸುತ್ತಾ ತಿರುಗಿಸಿದೆ. ಒಂದೇ ಕಡೆ ಬಿಗಿ ಮಾಡಿದರೆ ಮಾಸ್ಟ್ ಮತ್ತೆ ವಾಲುತ್ತದೆ ಅಲ್ವಾ?

ಲೋವರ್‌ಗಳಿಗೆ ಸ್ಕೇಲ್ ಬಳಸಲಿಲ್ಲ. ಮಾಸ್ಟ್‌ನ ಬುಡದಲ್ಲಿ ಕೂತು, ಮಾಸ್ಟ್‌ನಲ್ಲಿ ಹಾಯಿ ಜಾರುವ ಉದ್ದನೆಯ ತೋಡಿಗೆ ಕಣ್ಣು ಹಚ್ಚಿ ಮೇಲಕ್ಕೆ ನೋಡಿದೆ. ಎಡಬಲಕ್ಕೆ ಒಂಚೂರೂ ಬಾಗಿರಬಾರದು. ಮುಂದಿನ ಲೋವರ್‌ಗಳನ್ನು ಹಿಂದಿನವಕ್ಕಿಂತ ಸ್ವಲ್ಪ ಜಾಸ್ತಿ ಬಿಗಿ ಮಾಡಿದೆ, ಮಾಸ್ಟ್‌ನ ನಡುಭಾಗ ಒಂದಿಷ್ಟು ಮುಂದಕ್ಕೇ ಇರಲಿ ಅಂತ.

ಹೊರಗೆ 12 ನಾಟ್ ಗಾಳಿಯಲ್ಲಿ ದೋಣಿ ವಾಲಿಸಿ ಮತ್ತೆ ಅದೇ ತೋಡಿನಲ್ಲಿ ನೋಡಿದೆ. ನಡುಭಾಗ ಗಾಳಿ ಬರುವ ಕಡೆಗೆ ಸ್ವಲ್ಪ ಬಾಗಿದಂತಿತ್ತು. ಗಾಳಿಗೆ ಮರೆಯಾದ ಕಡೆಯ ಲೋವರ್ ಮೇಲೆ ಭಾರ ಇರಲ್ಲ, ಅದರ ಟರ್ನ್‌ಬಕಲ್ ಬೆರಳಲ್ಲೇ ತಿರುಗುತ್ತದೆ. ಗಾಳಿ ಬರುವ ಕಡೆಯದನ್ನು ಸಡಿಲಿಸಬೇಕಿದ್ದರೂ ದೋಣಿಯನ್ನು ಇನ್ನೊಂದು ಬದಿಗೆ ವಾಲುವಂತೆ ತಿರುಗಿಸಿ, ಅದರ ಭಾರ ಇಳಿದ ಮೇಲೇ ಮುಟ್ಟಬೇಕು. ಭಾರ ಬಿದ್ದ ತಂತಿಗೆ ಸ್ಪ್ಯಾನರ್ ಹಾಕೋದು ಬೇಡವೇ ಬೇಡ.

ದಡಕ್ಕೆ ಬಂದು ಪ್ರತಿ ಟರ್ನ್‌ಬಕಲ್‌ಗೂ ಹೊಸ ಸ್ಪ್ಲಿಟ್ ಪಿನ್ ಹಾಕಿ, ಕಾಲು ಅಗಲಿಸಿ, ಹಾಯಿಗೆ ತಗುಲದಂತೆ ಟೇಪ್ ಸುತ್ತಿದೆ. ಅಳತೆ, ಸುತ್ತಿನ ಲೆಕ್ಕ ಎಲ್ಲವನ್ನೂ ಕ್ಯಾಬಿನ್ ಬಾಗಿಲಿನ ಒಳಗಡೆ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಸ್ಕೇಲ್ ಹಿಡಿದು ಅದರ ಪಕ್ಕಕ್ಕೆ ಹೊಸ ಅಂಕಿ ಬರೆಯುತ್ತೇನೆ.