ಚಿಕ್ಕಮಗಳೂರಲ್ಲಿ ಕೂತು ಐಸ್ ಹಾಕಿ ತಂಡದ ಹಿಂದೆ ಬೀಳುವುದು ಹೇಗೆ

ಮೊದಲು ತಂಡ ಆರಿಸಬೇಡಿ, ಟೈಮ್ ಆರಿಸಿ. ಎನ್‌ಎಚ್‌ಎಲ್ ಅಂದರೆ ಅಮೆರಿಕ ಮತ್ತು ಕೆನಡಾದ 32 ತಂಡಗಳ ಲೀಗ್. ಯಾವ ಲೋಗೋ ಚೆನ್ನಾಗಿದೆ, ಯಾರು ಜಾಸ್ತಿ ಕಪ್ ಗೆದ್ದಿದ್ದಾರೆ ಅಂತ ನೋಡಿ ತಂಡ ಹಿಡಿದವರು ದೀಪಾವಳಿ ಕಳೆಯುವಷ್ಟರಲ್ಲಿ ಬಿಟ್ಟುಬಿಡುತ್ತಾರೆ. ನ್ಯೂಯಾರ್ಕ್, ಬಾಸ್ಟನ್, ಟೊರಾಂಟೊ, ಮಾಂಟ್ರಿಯಲ್ ಕಡೆ ಸಂಜೆ 7ಕ್ಕೆ ಆಟ ಶುರುವಾದರೆ ನಮಗೆ ಬೆಳಗಿನ ಜಾವ 4:30, ಚಳಿಗಾಲದಲ್ಲಾದರೆ 5:30. ಡಿಸೆಂಬರ್‌ನಲ್ಲಿ ಮೂಡಿಗೆರೆ, ಆಲ್ದೂರು ಕಡೆ ಆ ಹೊತ್ತಿಗೆ ಕಂಬಳಿಯಿಂದ ಹೊರಗೆ ಬರುವಷ್ಟು ಪ್ರೀತಿ ಬರೀ ಲೋಗೋ ನೋಡಿ ಹುಟ್ಟುವುದಿಲ್ಲ. ಅದೇ ವ್ಯಾಂಕೂವರ್, ಸಿಯಾಟಲ್, ಸ್ಯಾನ್ ಹೊಸೆ, ಲಾಸ್ ಏಂಜಲೀಸ್ ಕಡೆ ಸಂಜೆ 7 ಅಂದರೆ ನಮಗೆ ಬೆಳಗ್ಗೆ 7:30 ಇಲ್ಲ 8:30, ಕಾಫಿ ಲೋಟ ಹಿಡಿದು ಕೂರುವ ಹೊತ್ತು.

ಹಾಗಂತ ಎಲ್ಲರಿಗೂ ಪಶ್ಚಿಮದ ತಂಡವೇ ಸರಿ ಅಂತಲ್ಲ. ಹಾಸನದಲ್ಲಿ ಒಂಬತ್ತೂವರೆಗೆ ಆಫೀಸಿಗೆ ಹೋಗುವವರಿಗೆ 8:30ರ ಪಂದ್ಯ ಇದ್ದೂ ಇಲ್ಲದ ಹಾಗೆ, ಮೊದಲ ಭಾಗ ಮುಗಿಯುವಷ್ಟರಲ್ಲಿ ಬಸ್ ಹತ್ತಬೇಕು. ಡೇರಿಗೆ ಹಾಲು ಹಾಕಲು ಹೇಗೂ ಐದಕ್ಕೆ ಏಳುವ ಮನೆಯವರಿಗೆ ಬಾಸ್ಟನ್ನೋ ಮಾಂಟ್ರಿಯಲ್ಲೋ ಹೇಳಿ ಮಾಡಿಸಿದ ಹಾಗಿರುತ್ತದೆ. ನಡುವಿನ ಶಿಕಾಗೊ, ಡಲ್ಲಾಸ್ ಕಡೆಯವು ಬೆಳಗ್ಗೆ 5:30–6:30ಕ್ಕೆ ಬರುತ್ತವೆ. ಇನ್ನೊಂದು ವಿಷಯ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದೆ ಬರುತ್ತದೆ. ನಮ್ಮ ಗಡಿಯಾರ ಅಲುಗಾಡುವುದಿಲ್ಲ, ಆದ್ದರಿಂದ ಆ ವಾರ ಅಲಾರಾಂ ನಂಬಬೇಡಿ.

ತಂಡ ಸಿಕ್ಕ ಮೇಲೆ ಬದಲಾಯಿಸುವ ಹಾಗಿಲ್ಲ. ಇದೊಂದೇ ನಿಯಮ. ಇಡೀ ಲೀಗ್ ನೋಡುತ್ತೇನೆ ಅಂತ ಹೊರಟರೆ ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. ಒಂದು ತಂಡ ಹಿಡಿದು ಅದರ ಕೆಟ್ಟ ದಿನಗಳನ್ನೂ ನೋಡಿದಾಗಲೇ ಈ ಆಟ ಅರ್ಥವಾಗುವುದು. ನಾನು ಹಿಡಿದಿದ್ದು ವ್ಯಾಂಕೂವರ್ ಕ್ಯಾನಕ್ಸ್. 1970ರಲ್ಲಿ ಲೀಗಿಗೆ ಬಂದ ತಂಡ, ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಇನ್ನೂ ಮುಟ್ಟಿಲ್ಲ. 1982, 1994, 2011, ಮೂರು ಸಲ ಫೈನಲ್, ಮೂರು ಸಲವೂ ಸೋಲು. 2011ರಲ್ಲಂತೂ ಏಳನೇ ಪಂದ್ಯ, ಅದೂ ಸ್ವಂತ ಊರಲ್ಲಿ, ಬಾಸ್ಟನ್ ಎದುರು 4–0. ಆ ರಾತ್ರಿ ವ್ಯಾಂಕೂವರ್ ಬೀದಿಗಳಲ್ಲಿ ಗಲಭೆಯೇ ಆಯಿತು. ಆರ್‌ಸಿಬಿಗೆ 2008ರಿಂದ 2025ರವರೆಗೆ ಕಾದವರು ನಾವು, ನಮಗೆ ಇದೆಲ್ಲ ಹೇಳಿಕೊಡಬೇಕಾ? ಸೋಲುವ ತಂಡ ಹಿಡಿಯಲು ಭಯ ಇದ್ದರೆ ಫ್ಲೋರಿಡಾ ಪ್ಯಾಂಥರ್ಸ್ ಇದೆ, 2024 ಮತ್ತು 2025 ಎರಡೂ ವರ್ಷ ಎಡ್ಮಂಟನ್ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಕೆನಡಾದವರದೇ ಆಟ ಅಂತ ಕೆನಡಾ ತಂಡ ಹಿಡಿಯುವವರು ಒಂದು ಮಾತು ತಿಳಿದಿರಲಿ: 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ 2025ರವರೆಗೂ ಅಲ್ಲಿನ ಯಾವ ತಂಡವೂ ಆ ಕಪ್ ಎತ್ತಿಲ್ಲ.

ವ್ಯಾಂಕೂವರ್ ಹಿಡಿಯಲು ನನಗೆ ಇನ್ನೊಂದು ಕಾರಣ ಟವೆಲ್. 1982ರ ಪ್ಲೇಆಫ್‌ನಲ್ಲಿ, ಶಿಕಾಗೊದಲ್ಲಿ, ರೆಫರಿ ಮೇಲಿಂದ ಮೇಲೆ ಪೆನಾಲ್ಟಿ ಕೊಡುತ್ತಿದ್ದಾನೆ ಅಂತ ಸಿಟ್ಟಾದ ಕೋಚ್ ರೋಜರ್ ನೀಲ್ಸನ್ ಒಂದು ಸ್ಟಿಕ್ ತುದಿಗೆ ಬಿಳಿ ಟವೆಲ್ ಸಿಕ್ಕಿಸಿ ಎತ್ತಿ ಹಿಡಿದರು. ಆಯ್ತಪ್ಪಾ, ನೀನೇ ಗೆದ್ದೆ, ಶರಣಾಗಿದ್ದೇವೆ ಅನ್ನುವ ಹಾಗೆ. ಮುಂದಿನ ಪಂದ್ಯಕ್ಕೆ ವ್ಯಾಂಕೂವರ್ ಜನ ಸಾವಿರಾರು ಟವೆಲ್ ಹಿಡಿದು ಬಂದರು, ಇವತ್ತಿಗೂ ಪ್ಲೇಆಫ್ ಅಂದರೆ ಬೀಸುತ್ತಾರೆ. ಆ ಕೋಚ್ ಟವೆಲ್ ಎತ್ತಿ ನಿಂತ ಪ್ರತಿಮೆ ಸ್ಟೇಡಿಯಂ ಹೊರಗಿದೆ. ನಮ್ಮಲ್ಲಿ ಹೆಗಲ ಮೇಲೆ ಟವೆಲ್ ಇಲ್ಲದೆ ಯಾರು ತೋಟಕ್ಕೆ ಹೋಗುತ್ತಾರೆ? ಅಭಿಮಾನಿ ಸಾಮಾನಿಗೆ ಒಂದು ರೂಪಾಯಿ ಖರ್ಚಿಲ್ಲ. ಪ್ರತಿ ತಂಡಕ್ಕೂ ಇಂಥದ್ದೊಂದು ಇರುತ್ತದೆ, ಹುಡುಕಿ. ಡೆಟ್ರಾಯ್ಟ್‌ನವರು 1952ರಿಂದ ಐಸ್ ಮೇಲೆ ಆಕ್ಟೋಪಸ್ ಎಸೆಯುತ್ತಾರೆ, ಆಗ ಕಪ್ ಗೆಲ್ಲಲು ಎಂಟು ಪಂದ್ಯ ಗೆಲ್ಲಬೇಕಿತ್ತು, ಅದಕ್ಕೆ ಎಂಟು ಕೈ. ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ, ಮೀನಿನ ರೇಟ್ ನೋಡಿದ್ದೀರಲ್ಲ.

ಇನ್ನು ಆಟ ನೋಡುವ ವಿಷಯ. ಮೊದಲ ಸಲ ನೋಡುವವರದೆಲ್ಲ ಒಂದೇ ದೂರು, ಪಕ್ ಕಾಣುವುದೇ ಇಲ್ಲ ಅಂತ. ನಿಜ, ಕಾಣುವುದಿಲ್ಲ. 3 ಇಂಚು ಅಗಲ, 1 ಇಂಚು ದಪ್ಪದ ರಬ್ಬರ್ ಬಿಲ್ಲೆ ಅದು, ಪುಟಿಯದೆ ಜಾರಲಿ ಅಂತ ಆಟಕ್ಕೆ ಮೊದಲು ಫ್ರೀಜರ್‌ನಲ್ಲಿಟ್ಟಿರುತ್ತಾರೆ, ಹೊಡೆದರೆ ಗಂಟೆಗೆ 150 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಅದನ್ನು ಹುಡುಕಲು ಹೋಗಬೇಡಿ. ಆಟಗಾರರ ಮುಖ ಯಾವ ಕಡೆ ತಿರುಗಿದೆ ನೋಡಿ, ಪಕ್ ಅಲ್ಲೇ ಇರುತ್ತದೆ. ಅದು ರೂಢಿಯಾದ ಮೇಲೆ ಒಬ್ಬ ಆಟಗಾರನನ್ನು ಮಾತ್ರ ನೋಡಿ. ಪಕ್ ಎಲ್ಲಾದರೂ ಇರಲಿ, ಅವನನ್ನೇ. ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಾಡಿ, ಸುಸ್ತಾಗಿ, ಬೇಲಿ ಹಾರಿ ಬೆಂಚಿನ ಮೇಲೆ ಬೀಳುತ್ತಾನೆ, ಅವನು ಬೀಳುವ ಮೊದಲೇ ಇನ್ನೊಬ್ಬ ಐಸ್ ಮೇಲಿರುತ್ತಾನೆ, ಆಟ ನಿಂತಿರುವುದೇ ಇಲ್ಲ. ಎರಡು ಕಡೆಯೂ ಗೋಲಿ, ಅಂದರೆ ಗೋಲ್ ಕಾಯುವವನೂ ಸೇರಿ ಆರೇ ಜನ ಯಾಕೆ, ಇಷ್ಟು ಹುಚ್ಚು ವೇಗ ಹೇಗೆ ಅನ್ನುವುದಕ್ಕೆ ಉತ್ತರ ಅಲ್ಲಿ ಸಿಗುತ್ತದೆ. ಟಿವಿಯವರು ಇದನ್ನು ತೋರಿಸುವುದು ಕಡಿಮೆ, ನೀವೇ ಕಣ್ಣಿಟ್ಟು ಹಿಡಿಯಬೇಕು.

ಪಕ್ಕದಲ್ಲೇ ಕೊಡಗು ಇದೆ, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಸಕಲೇಶಪುರ ಕಡೆಯಿಂದ ನೋಡಲು ಹೋಗಿ ಬಂದವರಿಗೆ ಹಾಕಿ ಹೊಸದಲ್ಲ. ಆದರೆ ಆ ಕಣ್ಣಿಂದ ನೋಡಿದರೆ ಹಲವು ಕಡೆ ಎಡವುತ್ತೀರಿ. ಹುಲ್ಲಿನ ಹಾಕಿಯಲ್ಲಿ ಸ್ಟಿಕ್‌ನ ಚಪ್ಪಟೆ ಬದಿಯಲ್ಲಿ ಮಾತ್ರ ಚೆಂಡು ಮುಟ್ಟಬೇಕು, ಇಲ್ಲಿ ಎರಡೂ ಬದಿ ನಡೆಯುತ್ತದೆ. ಅಲ್ಲಿ ಚೆಂಡು ಗೆರೆ ದಾಟಿದರೆ ಹೊರಗೆ, ಇಲ್ಲಿ ಸುತ್ತ ಗೋಡೆ, ಗೋಡೆಗೆ ಹೊಡೆದು ವಾಪಸ್ ತೆಗೆದುಕೊಳ್ಳುವುದೂ ಆಟವೇ. ಗೋಲ್ ಹಿಂದೆಯೂ ಜಾಗ ಇದೆ, ಒಳ್ಳೆಯ ಆಟ ಎಷ್ಟೋ ಸಲ ಅಲ್ಲಿಂದಲೇ ಶುರುವಾಗುವುದು. ಗೋಲ್ ಕೂಡ ಚಿಕ್ಕದು, 6 ಅಡಿ ಅಗಲ, 4 ಅಡಿ ಎತ್ತರ, ಅದರ ಮುಂದೆ ಪ್ಯಾಡ್ ಕಟ್ಟಿಕೊಂಡ ದೈತ್ಯ. ಮತ್ತೆ ಪಕ್ ಇಟ್ಟುಕೊಂಡವನಿಗೆ ಹೆಗಲು ಕೊಟ್ಟು ಗುದ್ದುವುದು ತಪ್ಪಲ್ಲ.

ನಿಯಮ ಪುಸ್ತಕ ಓದಲು ಹೋಗಬೇಡಿ, ಮೂರು ಸಾಕು. ದಾಳಿ ಮಾಡುವವರು ಎದುರಾಳಿಯ ನೀಲಿ ಗೆರೆಯನ್ನು ಪಕ್‌ಗಿಂತ ಮೊದಲು ದಾಟಿದರೆ ಆಫ್‌ಸೈಡ್. ತಮ್ಮ ಅರ್ಧದಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಾಳಿಯ ಗೋಲ್ ಗೆರೆ ದಾಟಿ ಹೋದರೆ ಐಸಿಂಗ್, ಆಟ ವಾಪಸ್ ಇವರ ಬಾಗಿಲಿಗೇ ಬರುತ್ತದೆ, ಮೇಲಿಂದ ಸುಸ್ತಾದವರನ್ನು ಬದಲಾಯಿಸುವ ಹಾಗೂ ಇಲ್ಲ. ಸಣ್ಣ ತಪ್ಪಿಗೆ 2 ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ಎದುರಾಳಿಗೆ ಐಸ್ ಮೇಲೆ ಒಬ್ಬ ಜಾಸ್ತಿ, ಅದೇ ಪವರ್‌ಪ್ಲೇ, ಅವರು ಒಂದು ಗೋಲ್ ಹೊಡೆದರೆ ಶಿಕ್ಷೆ ಅಲ್ಲಿಗೆ ಮುಗಿಯಿತು. ಹೊಡೆದಾಟಕ್ಕೆ ಇಬ್ಬರಿಗೂ ತಲಾ 5 ನಿಮಿಷ. ಹೌದು, ಹೊಡೆದಾಡುತ್ತಾರೆ, ರೆಫರಿ ನಿಂತು ನೋಡುತ್ತಾನೆ. ಮನೆಯ ಹಿರಿಯರ ಜೊತೆ ಮೊದಲ ಪಂದ್ಯ ನೋಡುವಾಗ ಇದೇ ಬಂದರೆ ಸ್ವಲ್ಪ ಕಷ್ಟ. ಕೊನೆಯ ಎರಡು ನಿಮಿಷದಲ್ಲಿ ಒಂದು ಗೋಲ್ ಹಿಂದಿರುವ ತಂಡ ಗೋಲಿಯನ್ನೇ ಹೊರಗೆ ಕರೆದು ಇನ್ನೊಬ್ಬ ಆಟಗಾರನನ್ನು ಇಳಿಸುವುದನ್ನಂತೂ ತಪ್ಪಿಸಿಕೊಳ್ಳಬೇಡಿ. ಖಾಲಿ ಗೋಲ್ ಹಿಂದೆ ಬಿಟ್ಟು ಮುಂದೆ ನುಗ್ಗುವುದು, ಅದರ ಉಸಿರುಕಟ್ಟು ಬೇರೆ.

20 ನಿಮಿಷದ ಮೂರು ಭಾಗ, ನಡುವೆ ಎರಡು ವಿರಾಮ, ಎಲ್ಲಾ ಸೇರಿ ಎರಡೂವರೆ ಗಂಟೆ. ವಿರಾಮ ಅಂದರೆ ಬಚ್ಚಲ ಒಲೆಗೆ ಬೆಂಕಿ ಹಾಕಿ, ನಾಯಿ ಬಿಚ್ಚಿ, ಇನ್ನೊಂದು ಲೋಟ ಕಾಫಿ ತರುವಷ್ಟು ಹೊತ್ತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರನ್ನು ಆಗ ಕರೆಯಿರಿ, ಐಸ್ ಒರೆಸಿ ನೀರು ಹಾಕಿ ನುಣುಪು ಮಾಡುವ ಜಾಂಬೋನಿ ಗಾಡಿ ಬರುತ್ತದೆ. ಆಟಕ್ಕಿಂತ ಅವರಿಗೆ ಅದೇ ಇಷ್ಟವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಿ ನೋಡುವುದು? ಭಾರತದಲ್ಲಿ ತೋರಿಸುವ ಹಕ್ಕು ಕೈಯಿಂದ ಕೈಗೆ ಹೋಗುತ್ತಿರುತ್ತದೆ, ಹಾಗಾಗಿ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ ಹುಡುಕಿ ನೋಡಿಯೇ ದುಡ್ಡು ಕಟ್ಟಿ. ವರ್ಷದ್ದು ಒಟ್ಟಿಗೆ ಕಟ್ಟುವ ಮೊದಲು ಒಂದು ತಿಂಗಳು ಕಟ್ಟಿ ನಿಮ್ಮ ಮನೆ ನೆಟ್‌ನಲ್ಲಿ ಓಡುತ್ತದಾ ನೋಡಿ. ಪುಕ್ಕಟೆ ಕಳ್ಳ ಲಿಂಕ್‌ಗಳ ತಂಟೆಗೆ ಹೋಗಬೇಡಿ, ಪಕ್ ಹುಡುಕುವ ಬದಲು ಜೂಜಿನ ಜಾಹೀರಾತು ಮುಚ್ಚುತ್ತಾ ಕೂರಬೇಕಾಗುತ್ತದೆ. ಯೂಟ್ಯೂಬ್‌ನಲ್ಲಿ ಎನ್‌ಎಚ್‌ಎಲ್‌ನವರೇ ಪ್ರತಿ ಪಂದ್ಯದ ಮುಖ್ಯ ಭಾಗ ಹಾಕುತ್ತಾರೆ, ಕೆಲಸವಿದ್ದ ದಿನ ಅದೇ ಸಾಕು. ತೋಟದ ಮನೆಯಲ್ಲಿ ಸಿಗ್ನಲ್ ಕಣದ ಮೂಲೆಯಲ್ಲೋ ಗೇಟಿನ ಹತ್ತಿರದ ಬಂಡೆ ಮೇಲೋ ಮಾತ್ರ ಸಿಗುತ್ತದೆ ಅಂದರೆ ವಿಡಿಯೊ ಆಸೆ ಬಿಟ್ಟು ಆಡಿಯೊ ಹಿಡಿಯಿರಿ. ಹಲವು ತಂಡಗಳ ರೇಡಿಯೊ ಕಾಮೆಂಟರಿ ನೆಟ್‌ನಲ್ಲಿ ಬರುತ್ತದೆ, ಡೇಟಾ ಕಡಿಮೆ ತಿನ್ನುತ್ತದೆ, ಹಣ್ಣು ಕುಯ್ಯಿಸುತ್ತಾ ಕಿವಿಗೆ ಹಾಕಿಕೊಳ್ಳಬಹುದು. ಅರೇಬಿಕಾ ಕೊಯ್ಲು ಮತ್ತು ಹಾಕಿ ಸೀಸನ್ ಎರಡೂ ಒಟ್ಟಿಗೇ ಬೀಳುತ್ತವೆ, ಬೇರೆ ದಾರಿಯೂ ಇಲ್ಲ. ಆಮೇಲೆ ನೋಡುತ್ತೇನೆ ಅನ್ನುವವರು ರಾತ್ರಿಯೇ ಸ್ಕೋರ್ ನೋಟಿಫಿಕೇಶನ್ ಆಫ್ ಮಾಡಿ ಮಲಗಿ, ಕೆನಡಾದಲ್ಲಿರುವ ಅಣ್ಣನ ಮಗನಿಗೂ ವಾಟ್ಸಾಪ್ ಸ್ಟೇಟಸ್ ಹಾಕಬೇಡಪ್ಪಾ ಅಂತ ಹೇಳಿಡಿ.

ಪಾಯಿಂಟ್ ಪಟ್ಟಿ ಸುಲಭ: ಗೆದ್ದರೆ 2, ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಸೋತರೆ 1, ನೇರವಾಗಿ ಸೋತರೆ ಸೊನ್ನೆ. ಸೋತವರಿಗೂ ಪಾಯಿಂಟ್ ಕೊಡುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ, ಆದರೆ ಏಪ್ರಿಲ್‌ನಲ್ಲಿ ನಮ್ಮ ತಂಡಕ್ಕೆ ಅದೇ ಬೇಕಾಗುತ್ತದೆ, ಸುಮ್ನೆ ಇರುತ್ತೇನೆ. ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್ ತನಕ ಒಂದೊಂದು ತಂಡಕ್ಕೆ 82 ಪಂದ್ಯ, 2026–27ರಿಂದ 84. ಎಲ್ಲಾ ನೋಡಲು ಹೋಗಬೇಡಿ, ಮನೆಯಲ್ಲಿ ಜಗಳವಾಗುತ್ತದೆ. ಭಾನುವಾರ ಬೆಳಗ್ಗೆ ಬರುವವು ನೋಡಿ, ಅಲ್ಲಿ ಶನಿವಾರ ರಾತ್ರಿ, ಕೆನಡಾಕ್ಕೆ ಅದು ಹಾಕಿ ರಾತ್ರಿ. ಪ್ಲೇಆಫ್‌ಗೆ 16 ತಂಡ, ನಾಲ್ಕು ಸುತ್ತು, ಪ್ರತಿ ಸುತ್ತಲ್ಲೂ ನಾಲ್ಕು ಪಂದ್ಯ ಮೊದಲು ಗೆದ್ದವರು ಮುಂದೆ. ಅಲ್ಲಿ ಶೂಟೌಟ್ ಇಲ್ಲ, ಗೋಲ್ ಬೀಳುವ ತನಕ ಆಡುತ್ತಲೇ ಇರುತ್ತಾರೆ, 2020ರಲ್ಲಿ ಟ್ಯಾಂಪಾ ಬೇ ಮತ್ತು ಕೊಲಂಬಸ್ ಐದನೇ ಓವರ್‌ಟೈಮ್ ತನಕ ಹೋದರು. ಫೈನಲ್ ಜೂನ್‌ನಲ್ಲಿ. ಅಷ್ಟೊತ್ತಿಗೆ ನಮ್ಮಲ್ಲಿ ಮುಂಗಾರು ಹಿಡಿದಿರುತ್ತದೆ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದೂ ಅದೇ ವಾರ, ಹಾಗಾಗಿ ಯುಪಿಎಸ್ ಬ್ಯಾಟರಿಗೆ ಮೇ ತಿಂಗಳಲ್ಲೇ ನೀರು ಹಾಕಿಸಿಡಿ.

ಜರ್ಸಿ ತೆಗೆದುಕೊಳ್ಳುವ ಆಸೆ ಬಂದೇ ಬರುತ್ತದೆ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸೇರಿ ಜೇಬಿಗೆ ಕತ್ತರಿ, ಆ ಕಡೆಯಿಂದ ಬರುವ ನೆಂಟರಿಗೆ ಹೇಳಿ ತರಿಸಿಕೊಳ್ಳುವುದೇ ಲೇಸು. ಒಳಗೆ ಪ್ಯಾಡ್ ಹಾಕಿಕೊಳ್ಳಲಿ ಅಂತ ಅಗಲವಾಗಿ ಹೊಲಿದಿರುತ್ತಾರೆ, ಒಂದು ಸೈಜ್ ಚಿಕ್ಕದೇ ಹೇಳಿ. ಬೆನ್ನ ಮೇಲೆ ಈಗ ಆಡುತ್ತಿರುವವರ ಹೆಸರು ಬೇಡ. ಇಲ್ಲಿ ಎಂಥ ದೊಡ್ಡ ಆಟಗಾರನನ್ನೂ ಬೆಳಗಾಗುವುದರಲ್ಲಿ ಬೇರೆ ತಂಡಕ್ಕೆ ಕೊಟ್ಟುಬಿಡುತ್ತಾರೆ, 1988ರಲ್ಲಿ ವೇಯ್ನ್ ಗ್ರೆಟ್ಸ್ಕಿಯನ್ನೇ ಎಡ್ಮಂಟನ್‌ನವರು ಲಾಸ್ ಏಂಜಲೀಸ್‌ಗೆ ಕೊಟ್ಟರು. ನಿವೃತ್ತರಾದವರ ಹೆಸರು ಹಾಕಿಸಿ. ನನಗೆ ಕೇಳಿದರೆ ಸೆಡೀನ್ ಅನ್ನುತ್ತೇನೆ. ಸ್ವೀಡನ್‌ನ ಅವಳಿ ಸಹೋದರರು, ಹೆನ್ರಿಕ್ ಜರ್ಸಿ ನಂಬರ್ 33, ಡೇನಿಯಲ್‌ದು 22, ಇಬ್ಬರೂ ಎನ್‌ಎಚ್‌ಎಲ್‌ನಲ್ಲಿ ಆಡಿದಷ್ಟೂ ವರ್ಷ ವ್ಯಾಂಕೂವರ್‌ಗೇ ಆಡಿದರು. 2018ರ ಏಪ್ರಿಲ್‌ನಲ್ಲಿ ತವರಿನ ಕೊನೆಯ ಪಂದ್ಯ, ಓವರ್‌ಟೈಮ್, ಗೆಲುವಿನ ಗೋಲ್ ಹೊಡೆದಿದ್ದು ಡೇನಿಯಲ್, ಪಾಸ್ ಕೊಟ್ಟಿದ್ದು ಹೆನ್ರಿಕ್. ಯೂಟ್ಯೂಬ್‌ನಲ್ಲಿದೆ, ತಂಡ ಯಾವುದಾದರೂ ಇರಲಿ, ಇದನ್ನು ನೋಡಿ.

ಕಣ್ಣೆದುರೇ ಐಸ್ ಹಾಕಿ ನೋಡಬೇಕು ಅನಿಸಿದರೆ ಕೆನಡಾಕ್ಕೇ ಹೋಗಬೇಕಿಲ್ಲ. ಚಳಿಗಾಲದಲ್ಲಿ ಲೇಹ್‌ಗೆ ಹೋಗಿ, ಲಡಾಖ್ ಹುಡುಗರು ಹುಡುಗಿಯರು ಹೆಪ್ಪುಗಟ್ಟಿದ ಐಸ್ ಮೇಲೆ ಇದೇ ಆಟ ಆಡುತ್ತಾರೆ. ನಮ್ಮ ಮಹಿಳಾ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು, ಅದರ ಸುದ್ದಿ ಎಷ್ಟು ಜನ ಓದಿದರೋ.

ಮುಂದಿನ ಸೀಸನ್ ವೇಳಾಪಟ್ಟಿ ಬೇಸಿಗೆ ಮುಗಿಯುವ ಮೊದಲೇ ಬರುತ್ತದೆ, ಅಂದರೆ ಅಲ್ಲಿನ ಬೇಸಿಗೆ, ನಮಗೆ ಜಡಿಮಳೆಯ ಕಾಲ. ಬಂದ ದಿನವೇ ಫೋನ್ ಕ್ಯಾಲೆಂಡರ್‌ಗೆ ಸೇರಿಸಿಬಿಡಿ, ನಮ್ಮ ಟೈಮಿಗೆ ತಾನೇ ಬದಲಾಯಿಸಿಕೊಳ್ಳುತ್ತದೆ. ನಿಮ್ಮ ತಂಡ ಪೂರ್ವದ ಕಡೆ ಪ್ರವಾಸ ಹೋಗುವ ವಾರಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ, ಆಗ ಪಶ್ಚಿಮದವರಿಗೂ 4:30ರ ಅಲಾರಾಂ ತಪ್ಪಿದ್ದಲ್ಲ. ಭಾನುವಾರದ ಮದುವೆ ಪತ್ರಿಕೆ ಮನೆಗೆ ಬಂದರೆ ಮೊದಲು ಮುಹೂರ್ತ ನೋಡಿ, ಹನ್ನೊಂದೂವರೆ ಮೇಲಿದ್ದರೆ ಪಂದ್ಯ ಮುಗಿಸಿಕೊಂಡೇ ಹೋಗಬಹುದು.