ಸಣ್ಣ ಶಾಲೆಯ ದಾಖಲಾತಿ ಲೆಕ್ಕ: ನಾನು ಮಾಡುವ ರೀತಿ

ಸಣ್ಣ ಸರ್ಕಾರಿ ಪ್ರಾಥಮಿಕ ಶಾಲೆಯ ಲೆಕ್ಕಕ್ಕೆ ಕೂರುವಾಗ ಮೊದಲು ಎಣಿಕೆಯ ದಿನ ಗೊತ್ತುಮಾಡಿಕೊಳ್ಳುತ್ತೇನೆ. ಪ್ರತಿ ವರ್ಷ ಅದೇ ದಿನ. ಶಾಲೆ ಶುರುವಾದ ವಾರ ಬೇಡ, ಬರುವವರು ಹೋಗುವವರು ಇನ್ನೂ ಮುಗಿದಿರುವುದಿಲ್ಲ. ಅಂದು ಹಾಜರಿದ್ದವರ ಸಂಖ್ಯೆಯನ್ನು ರಿಜಿಸ್ಟರಿನ ಸಂಖ್ಯೆಯೊಂದಿಗೆ ಬೆರೆಸುವುದಿಲ್ಲ.

ಮಗುವಿಗೆ ಒಂದೇ ಸಾಲು: ದಾಖಲಾತಿ ಸಂಖ್ಯೆ, ತರಗತಿ, ಲಿಂಗ, ಹುಟ್ಟಿದ ದಿನ, ಮನೆಮಾತು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಮನೆಮಾತನ್ನು ಹೆಸರು ನೋಡಿ ಊಹಿಸಬಾರದು, ಪೋಷಕರನ್ನೇ ಕೇಳಬೇಕು. ಎರಡು ಭಾಷೆ ಹೇಳುವ ಮನೆಗಳೂ ಇರುತ್ತವೆ. ಆ ಕಾಲಮ್ಮಿನ ಮೊತ್ತ ಮಕ್ಕಳ ಸಂಖ್ಯೆಯನ್ನು ದಾಟಿದರೆ ಗಾಬರಿ ಬೇಡ.

ಆಮೇಲೆ ತಾಳೆ. ಕಳೆದ ವರ್ಷದ ಎಣಿಕೆಗೆ ಹೊಸಬರನ್ನು ಕೂಡಿ, ಬಿಟ್ಟವರನ್ನೂ ಕೊನೆಯ ತರಗತಿ ಮುಗಿಸಿದವರನ್ನೂ ಕಳೆದರೆ ಈ ವರ್ಷದ ಎಣಿಕೆ ಬರಬೇಕು. ಬರದಿದ್ದರೆ ಹೆಚ್ಚಾಗಿ ಬಿಟ್ಟುಹೋದ ಮಗುವಿನ ಹೆಸರು ಹೊಡೆದಿರುವುದಿಲ್ಲ, ಇಲ್ಲವೇ ಒಂದೇ ಮಗು ಬೇರೆ ಬೇರೆ ಕಾಗುಣಿತದಲ್ಲಿ ಎರಡು ಸಲ ಸೇರಿರುತ್ತದೆ. ಪಟ್ಟಿಯನ್ನು ಹುಟ್ಟಿದ ದಿನದ ಪ್ರಕಾರ ಜೋಡಿಸಿದರೆ ಇದು ಸಿಕ್ಕಿಬೀಳುತ್ತದೆ. ಅವಳಿಗಳನ್ನು ಮಾತ್ರ ಹೊಡೆದುಹಾಕಬೇಡಿ!

ನಿಜವಾದ ತೊಡಕು ಶೇಕಡಾವಾರಿನದು. ಒಟ್ಟು 62 ಮಕ್ಕಳಿದ್ದರೆ ಒಂದು ಮಗು ಎಂದರೆ ಶೇ. 1.6. ಒಂಬತ್ತು ಮಕ್ಕಳ ತರಗತಿಯಲ್ಲಿ ಐವರು ಹುಡುಗಿಯರಿದ್ದು ಒಬ್ಬಳು ಬಿಟ್ಟರೆ ಶೇ. 55.6 ಇದ್ದದ್ದು 50ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ದೊಡ್ಡ ಕುಸಿತ; ನಡೆದದ್ದು ಒಂದು ಮನೆಯವರು ಊರು ಬದಲಿಸಿದ್ದು. ಆದ್ದರಿಂದ ಸಂಖ್ಯೆ ಮೊದಲು, ಶೇಕಡಾ ಪಕ್ಕದಲ್ಲಿ. ಏರಿಳಿತದ ಮಾತನ್ನು ಮೂರು ವರ್ಷದ ಅಂಕಿ ಒಟ್ಟಿಗೆ ನೋಡಿದ ಮೇಲೆಯೇ ಆಡುತ್ತೇನೆ.

ಈ ವರ್ಷದ ಎರಡನೇ ತರಗತಿಯನ್ನು ಹೋಲಿಸಬೇಕಾದದ್ದು ಕಳೆದ ವರ್ಷದ ಒಂದನೇ ತರಗತಿಗೆ. ಅಲ್ಲಿ 15 ಇದ್ದು ಇಲ್ಲಿ 14 ಆದರೆ ಒಬ್ಬರೇ ಹೋದರು ಅನ್ನಿಸುತ್ತದೆ. ನಾಲ್ವರು ಹೋಗಿ ಮೂವರು ಬಂದಿದ್ದರೂ 14 ಆಗುತ್ತದೆ. ಅದೇ ತರಗತಿಯಲ್ಲಿ ಉಳಿದವರಿದ್ದರೆ ಅವರನ್ನೂ ಬೇರೆ ತೆಗೆಯಬೇಕು.

ಪಟ್ಟಿಯನ್ನು ಹೊರಗೆ ಕೊಡುವಾಗ ಐದಕ್ಕಿಂತ ಕಡಿಮೆ ಸಂಖ್ಯೆ ಇರುವ ಚೌಕಗಳನ್ನು ಖಾಲಿ ಬಿಡುತ್ತೇನೆ, ಇಲ್ಲದಿದ್ದರೆ ಯಾವ ಮಗು ಎಂದು ತಿಳಿದುಬಿಡುತ್ತದೆ. ಒಂದನ್ನೇ ಮುಚ್ಚಿದರೆ ಸಾಲದು: ಒಟ್ಟು 9, ಪಕ್ಕದ ಚೌಕದಲ್ಲಿ 7 ಎಂದಿದ್ದರೆ ಉಳಿದದ್ದು 2 ಎಂದು ಯಾರಾದರೂ ಕಳೆಯುತ್ತಾರೆ. ಅಂಥ ಕಡೆ ಒಂದು, ಎರಡನೇ ತರಗತಿಗಳನ್ನು ಸೇರಿಸಿ ಒಂದೇ ಸಾಲು ಮಾಡುತ್ತೇನೆ.