ಪೇಟೆ ಬೀದಿಯ ನೆನಪಿನ ನಕ್ಷೆ: ಚಿತ್ರಕಲಾ ತರಗತಿಗೊಂದು ಕೈಪಿಡಿ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನೀರು ಬತ್ತಿ ಎಷ್ಟೋ ಕಾಲವಾದರೂ ಪಕ್ಕದ ರಸ್ತೆಗೆ ಟ್ಯಾಂಕ್ ಬಂಡ್ ರೋಡ್ ಎಂಬ ಹೆಸರು ಉಳಿದಿದೆ. ಊರಿನ ನೆನಪು ಉಳಿಯುವುದು ಹೀಗೆಯೇ: ಹೆಸರಿನಲ್ಲಿ, ಸವೆದ ಕಲ್ಲಿನಲ್ಲಿ, ಅಂಗಡಿ ಗಲ್ಲಾದ ಮೇಲೆ ಕೂತ ಹಿರಿಯರ ಮಾತಿನಲ್ಲಿ. ವಿದ್ಯಾರ್ಥಿಗಳು ಈ ಮೂರನ್ನೂ ಸಂಗ್ರಹಿಸಿ ಮೂರು ಬೇರೆ ಹಾಳೆಗಳಲ್ಲಿ ಇಡಬೇಕು. ಒಂದನ್ನು ಇನ್ನೊಂದರಲ್ಲಿ ಕರಗಿಸಿದರೆ ಕೆಲಸ ಕೆಟ್ಟಿತು.

ನಕ್ಷೆಗೆ ಆರಿಸುವ ಬೀದಿ ಚಿಕ್ಕದಿರಲಿ. ಬಳೇಪೇಟೆ, ನಗರ್ತಪೇಟೆ, ಕುಂಬಾರಪೇಟೆ, ಯಾವುದಾದರೂ ಸರಿ, 80 ಮೀಟರ್ ಸಾಕು. 1:200 ಅಳತೆಯಲ್ಲಿ 1 ಸೆಂ.ಮೀ. ಎಂದರೆ 2 ಮೀಟರ್, ಹಾಗಾಗಿ 80 ಮೀಟರ್ ಬೀದಿ ಎ3 ಹಾಳೆಯ ಉದ್ದಕ್ಕೆ 40 ಸೆಂ.ಮೀ.ಯಲ್ಲಿ ಕೂರುತ್ತದೆ. ಉತ್ಸಾಹದಲ್ಲಿ ಇಡೀ ಪೇಟೆಯನ್ನೇ ಹಿಡಿಯಲು ಹೊರಟು 1:1000ಕ್ಕೆ ಇಳಿದರೆ 3 ಮೀಟರ್ ಅಗಲದ ಅಂಗಡಿ 3 ಮಿ.ಮೀ. ಆಗಿಬಿಡುತ್ತದೆ, ಅದರೊಳಗೆ ಒಂದಕ್ಷರ ಬರೆಯಲೂ ಜಾಗವಿರುವುದಿಲ್ಲ.

ಅಳೆಯಲು ಹೆಜ್ಜೆಯೇ ಸಾಕು. ಟೇಪಿನಿಂದ 20 ಮೀಟರ್ ಗುರುತು ಮಾಡಿ, ಪ್ರತಿಯೊಬ್ಬರೂ ಮಾಮೂಲಿ ನಡಿಗೆಯಲ್ಲಿ ಮೂರು ಸಲ ನಡೆದು ಸರಾಸರಿ ತೆಗೆಯಲಿ. 28 ಹೆಜ್ಜೆ ಬಂದರೆ 7 ಹೆಜ್ಜೆಗೆ 5 ಮೀಟರ್. ಜನಜಂಗುಳಿಯಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ, ಲೆಕ್ಕ ತಪ್ಪುತ್ತದೆ. ಹೆಚ್ಚಿನ ಶಟರ್‌ಗಳು ಇಳಿದಿರುವ ಭಾನುವಾರ ಬೆಳಿಗ್ಗೆಯೇ ಇದಕ್ಕೆ ಸರಿ. ಹಿರಿಯರ ಜೊತೆ ಮಾತಿಗೆ ಮಾತ್ರ ವಾರದ ದಿನ, ಅಂಗಡಿ ತೆರೆದು ಪೂಜೆ ಮುಗಿದು ಗಿರಾಕಿಗಳು ಸೇರುವ ಮುಂಚಿನ ಹೊತ್ತು ಒಳ್ಳೆಯದು.

ಅದೇ ಭಾನುವಾರ ಉಜ್ಜುಚಿತ್ರವನ್ನೂ, ಅಂದರೆ ಕಲ್ಲಿನ ಮೇಲೆ ಕಾಗದ ಇಟ್ಟು ಕ್ರೇಯಾನ್ ಉಜ್ಜಿ ಅದರ ಮೇಲ್ಮೈಯ ಅಚ್ಚು ತೆಗೆಯುವುದನ್ನೂ, ಮುಗಿಸಿಕೊಳ್ಳಿ. 50ರಿಂದ 60 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ತೆಳು ಕಾಗದ, ಕಪ್ಪು ಮೇಣದ ಕ್ರೇಯಾನ್, ಮಾಸ್ಕಿಂಗ್ ಟೇಪ್, ಒಣ ಬ್ರಷ್, ಒಂದು ಹತ್ತಿಬಟ್ಟೆ ಬೇಕು. ಡ್ರಾಯಿಂಗ್ ಹಾಳೆ ದಪ್ಪ, ಕಲ್ಲಿನ ಉಳಿ ಗುರುತು ಅದರ ಮೇಲೆ ಏಳುವುದಿಲ್ಲ. ನ್ಯೂಸ್‌ಪ್ರಿಂಟ್ ಚೂಪು ಅಂಚಿಗೆ ಸಿಕ್ಕಿ ಹರಿಯುತ್ತದೆ. ಮೊದಲು ಬ್ರಷ್‌ನಿಂದ ಮಣ್ಣು ತೆಗೆಯಿರಿ: ಒಂದು ಮರಳಿನ ಕಾಳು ಉಳಿದರೂ ಚಿತ್ರದಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಕಾಗದದ ನಾಲ್ಕೂ ಬದಿಗೆ ಟೇಪ್ ಹಾಕಿ, ಬಟ್ಟೆಯಿಂದ ಒತ್ತಿ ಕಲ್ಲಿನ ಏರಿಳಿತಕ್ಕೆ ಕೂರಿಸಿ. ಕ್ರೇಯಾನಿನ ಸುತ್ತಿನ ಕಾಗದ ಬಿಚ್ಚಿ, ಅದನ್ನು ಮಲಗಿಸಿ ಹಿಡಿದು, ನಡುವಿನಿಂದ ಅಂಚಿನತ್ತ ಹಗುರಾಗಿ ಉಜ್ಜಿ. ಒಂದೇ ಸಲ ಒತ್ತಿ ಉಜ್ಜಿದರೆ ತಗ್ಗು ಉಬ್ಬು ಎರಡೂ ಕಪ್ಪಾಗಿ ಏನೂ ಕಾಣದು. ಮೂರು ನಾಲ್ಕು ಸುತ್ತಿನಲ್ಲಿ ಬಣ್ಣ ಏರಿಸಬೇಕು.

ಹಳೇ ಮನೆಯ ಜಗಲಿ ಚಪ್ಪಡಿಯ ಮೇಲೆ ಇದನ್ನು ಮಾಡಿ ನೋಡಿ. ಕಣ್ಣಿಗೆ ನುಣುಪಾಗಿ ಕಂಡ ಕಲ್ಲಿನ ಎರಡು ಅಂಚಿನಲ್ಲಿ ಉಳಿಯ ಸಾಲು ಸಾಲು ಚುಕ್ಕಿ ಏಳುತ್ತವೆ, ಜನ ಕೂತು ಎದ್ದ ನಡುಭಾಗ ಮಾತ್ರ ಗುರುತಿಲ್ಲದೆ ಒಂದೇ ಸಮನಾದ ಬಣ್ಣ ಹಿಡಿಯುತ್ತದೆ. ಆ ಗುರುತಿಲ್ಲದ ಜಾಗವೇ ಸಂಗ್ರಹಿಸಬೇಕಾದ್ದು, ಅದರಲ್ಲಿ ಗುರುತು ಸೇರಿಸಲು ಹೋಗಬೇಡಿ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದರೆ ಮೇಣ ಮೆತ್ತಗಾಗಿ ಬಳಿದಂತಾಗುತ್ತದೆ. ಮಳೆ ಬಂದ ಮರುದಿನ ಕಾಗದ ಹಸಿಯಾಗಿ ಸುಕ್ಕುಗಟ್ಟುತ್ತದೆ. ಸುಣ್ಣದ ಗಾರೆ, ಬಣ್ಣ ಕಿತ್ತುಬರುವ ಮರ, ಶಾಸನ, ದೇವಸ್ಥಾನದ ಕಂಬ ಇವನ್ನು ಮುಟ್ಟಬೇಡಿ, ದೂರದಿಂದ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಬೇರೆಯವರ ಹೊಸ್ತಿಲಿಗೆ ಕೇಳದೆ ಕಾಗದ ಹಚ್ಚುವುದಂತೂ ಕೂಡದು.

ಇನ್ನು ಮಾತು. “ಮೊದಲು ಇಲ್ಲಿ ಹೇಗಿತ್ತು?” ಎಂದು ಕೇಳಿದರೆ “ಆಗೆಲ್ಲ ಚೆನ್ನಾಗಿತ್ತಪ್ಪ” ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. “ಯಜಮಾನ್ರೇ, ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲು ಏನು ಶಬ್ದ ಕೇಳ್ತಿತ್ತು?”, “ಅಮ್ಮ, ಕುಡಿಯೋ ನೀರು ಎಲ್ಲಿಂದ ತರ್ತಿದ್ರಿ?”, “ಜೋರು ಮಳೆ ಬಂದ್ರೆ ನೀರು ಯಾವ ಕಡೆ ಹರೀತಿತ್ತು?” ಎಂದು ಕೇಳಿ. ಮೂರನೆಯ ಪ್ರಶ್ನೆ ಬಹಳ ಬೆಲೆಯದ್ದು, ಮುಚ್ಚಿಹೋದ ಕಾಲುವೆಯ ಜಾಡು ಅದರಿಂದಲೇ ಸಿಗುತ್ತದೆ. ಹೆಸರುಗಳನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ. ಒಬ್ಬರು ಅವೆನ್ಯೂ ರೋಡ್ ಎಂದರೆ, ಇನ್ನೊಬ್ಬರು ದೊಡ್ಡಪೇಟೆ ಎಂದರೆ, ಎರಡೂ ಇರಲಿ.

ಮಾತಿನ ನಡುವೆ ಖಾಲಿ ಹಾಳೆ, ಪೆನ್ನು ಕೊಟ್ಟು ಬೀದಿ ಬರೆದು ತೋರಿಸಲು ಕೇಳಿ. ಅಚ್ಚಾದ ನಕ್ಷೆ ಮುಂದಿಡಬೇಡಿ. ಇಟ್ಟರೆ ಅವರು ಅದರಲ್ಲಿ ತಮ್ಮ ಮನೆ ಹುಡುಕುತ್ತಾರೆಯೇ ಹೊರತು ನೆನೆಯುವುದಿಲ್ಲ. ಬಾವಿಯನ್ನು ದೊಡ್ಡದಾಗಿ ಬರೆದು ನಾಲ್ಕು ಅಂಗಡಿ ಬಿಟ್ಟಿದ್ದರೆ ತಿದ್ದಬೇಡಿ, ಅವರ ಪಾಲಿನ ಬೀದಿ ಅದು.

ಜೋಡಿಸುವಾಗ ಅಳತೆ ನಕ್ಷೆ ಅಡಿಯಲ್ಲಿ ಇರಲಿ, ನೆನಪಿನ ಚಿತ್ರವನ್ನು 90 ಜಿಎಸ್‌ಎಂ ಟ್ರೇಸಿಂಗ್ ಪೇಪರಿಗೆ ಇಳಿಸಿ ಮೇಲಿಡಿ. ಎರಡರಲ್ಲೂ ಇರುವ ಒಂದು ಗುಡಿ ಅಥವಾ ಮೂಲೆಯಲ್ಲಿ ಪಿನ್ ಚುಚ್ಚಿ. ಉಳಿದದ್ದು ಹೊಂದದಿದ್ದರೆ ಎಳೆದು ಹೊಂದಿಸದೆ, ನೆನಪಿನ ಬಾವಿಯಿಂದ ಅಳತೆಯ ಜಾಗಕ್ಕೆ ತೆಳುವಾದ ಕೆಂಪು ಗೆರೆ ಹಾಕಿ. ಅವರೇ ಕಂಡದ್ದಕ್ಕೆ ಪೂರ್ಣ ಗೆರೆ, ಇನ್ನೊಬ್ಬರಿಂದ ಕೇಳಿದ್ದಕ್ಕೆ ತುಂಡು ಗೆರೆ, ವಿದ್ಯಾರ್ಥಿಯ ಊಹೆಗೆ ಚುಕ್ಕಿ ಗೆರೆ. ಉಜ್ಜುಚಿತ್ರಗಳ ಹಿಂದೆ ತಾರೀಖು, ಹೊತ್ತು, ಜಾಗ ಅಂದೇ ಬರೆಯಿರಿ. ವಾರ ಕಳೆದರೆ ಯಾವ ಕಲ್ಲು ಯಾವ ಮನೆಯದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಪ್ರದರ್ಶನಕ್ಕೆ ತೂಗುಹಾಕುವಾಗ ಹಾಳೆಗಳ ನಡುವೆ 2 ಸೆಂ.ಮೀ. ಅಂತರ ಬಿಟ್ಟು, ಬೆಳಕು ಹಿಂದಿನಿಂದ ಬರುವಂತೆ ನೋಡಿಕೊಳ್ಳಿ. ಹೇಳಿದವರ ಹೆಸರು ಅವರು ಒಪ್ಪಿದರೆ ಮಾತ್ರ ಹಾಕಿ. ಅವರು ಬರೆದುಕೊಟ್ಟ ಹಾಳೆಯನ್ನು ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಅಂಗಡಿಗೇ ಹೋಗಿ ಹಿಂದಿರುಗಿಸಿ.